ಮನೆಯ ನೆನಪು, ದಿನನಿತ್ಯದ ಬದುಕು ಮತ್ತು ಚಾರಿತ್ರಿಕ ಕಾದಂಬರಿ: ವೇಣೂರು ಪರಿಸರವನ್ನು ಮುಂದಿರಿಸಿಕೊಂಡು ಒಂದು ವಿವೇಚನೆ

ಪೀಠಿಕೆ

ಮೂಡುಬಿದಿರೆಯಿಂದ ಬೆಳ್ತಂಗಡಿಯ ಕಡೆಗೆ ಹೋಗುವ ದಾರಿಯಲ್ಲಿ, ಫಲ್ಗುಣಿ ನದಿಯ ದಂಡೆಯ ಮೇಲೆ ವೇಣೂರು ಇದೆ. ಅಜಿಲ ಅರಸರ ರಾಜಧಾನಿಯಾಗಿದ್ದ ಈ ಊರನ್ನು ನಾಡಿನ ಜನ ಇಂದು ಮುಖ್ಯವಾಗಿ ಗುರುತಿಸುವುದು ಸುಮಾರು 35 ಅಡಿ ಎತ್ತರದ ಬಾಹುಬಲಿ ಮೂರ್ತಿಯಿಂದ. 1604ರಲ್ಲಿ ಪ್ರತಿಷ್ಠೆಗೊಂಡ ಈ ಮೂರ್ತಿಗೆ ಇತ್ತೀಚಿನ ದಶಕಗಳಲ್ಲಿ ಹನ್ನೆರಡು ವರ್ಷಗಳಿಗೊಮ್ಮೆ, 2000, 2012 ಹಾಗೂ 2024ರಲ್ಲಿ ಮಹಾಮಸ್ತಕಾಭಿಷೇಕ ನಡೆದಿದೆ. ಅರಸರ ಚರಿತ್ರೆ, ಶಿಲ್ಪದ ಚರಿತ್ರೆ, ಧರ್ಮದ ಚರಿತ್ರೆ ಎಂಬ ಮೂರು ದಿಕ್ಕುಗಳಿಂದ ವೇಣೂರಿನ ಬಗ್ಗೆ ಸಾಕಷ್ಟು ಬರವಣಿಗೆ ಬಂದಿದೆ. ಆದರೆ ಈ ಊರು ಇನ್ನೊಂದು ಪ್ರಶ್ನೆಯನ್ನು ಪರಿಶೀಲಿಸುವುದಕ್ಕೂ ಒಳ್ಳೆಯ ನೆಲೆಯಾಗಿದೆ. ಚಾರಿತ್ರಿಕ ಕಾದಂಬರಿಯನ್ನು ಬರೆಯುವವನು ಮನೆತನದ ನೆನಪುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು, ಹೇಗೆ ಬಳಸಬಹುದು ಎಂಬುದೇ ಆ ಪ್ರಶ್ನೆ.

ಈ ಪ್ರಶ್ನೆ ಕೇವಲ ಸಾಹಿತ್ಯಕ್ಕೆ ಸಂಬಂಧಿಸಿದ್ದಲ್ಲ. ತುಳುನಾಡಿನ ಗತಕಾಲದ ಬಹುಪಾಲು ಬರವಣಿಗೆಯಲ್ಲಿ ಉಳಿದಿಲ್ಲ. ಅದು ಚಾವಡಿಯ ಮಾತಿನಲ್ಲಿ, ಗದ್ದೆಯ ಹಾಡಿನಲ್ಲಿ, ಕೋಲದ ದಿನದ ನುಡಿಯಲ್ಲಿ, ಅಜ್ಜಿಯ ಕಥೆಯಲ್ಲಿ ಉಳಿದುಬಂದಿದೆ. ಅದನ್ನು ಪೂರ್ತಿಯಾಗಿ ನಂಬಿದರೆ ಚರಿತ್ರೆ ಕೆಡುತ್ತದೆ. ಪೂರ್ತಿಯಾಗಿ ಕೈಬಿಟ್ಟರೆ ಬಹುಸಂಖ್ಯೆಯ ಜನ ಚರಿತ್ರೆಯಿಂದಲೇ ಹೊರಗೆ ಉಳಿಯುತ್ತಾರೆ. ಕಾದಂಬರಿಕಾರನು ಈ ಎರಡರ ನಡುವೆ ನಡೆಯಬೇಕಾಗುತ್ತದೆ. ಅವನ ನಡಿಗೆ ಹೇಗಿರಬಹುದೆಂಬುದನ್ನು ವೇಣೂರು ಮತ್ತು ಅದರ ನೆರೆಯ ಕೆಲವು ನಿದರ್ಶನಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಲ್ಲಿನ ಮೇಲೆ ಬರೆದ ಮನೆತನ

ಮೊದಲು ಲಿಖಿತ ದಾಖಲೆಯನ್ನು ನೋಡೋಣ. ವೇಣೂರಿನ ಮೂರ್ತಿಯ ಶಾಸನವು ಶಕವರ್ಷ 1525, ಶೋಭಕೃತ್ ಸಂವತ್ಸರದ ಕಾಲವನ್ನು ಹೇಳುತ್ತದೆ. ಅದು 1604ರ ಮಾರ್ಚ್ 1ಕ್ಕೆ ಸರಿಹೊಂದುತ್ತದೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಚಾವುಂಡನ ವಂಶದ ತಿಮ್ಮರಾಜನು ಬೆಳ್ಗೊಳದ ಚಾರುಕೀರ್ತಿಗಳ ಉಪದೇಶದಂತೆ ಭುಜಬಲಿಯ ಮೂರ್ತಿಯನ್ನು ಸ್ಥಾಪಿಸಿದನೆಂಬುದು ಅದರ ಸಾರ. ನಮಗೆ ಇಲ್ಲಿ ಮುಖ್ಯವಾದುದು ತಿಮ್ಮರಾಜನನ್ನು ಶಾಸನವು ಗುರುತಿಸುವ ಬಗೆ. ಅವನು ರಾಯಕುವರನ ಅಳಿಯ, ಪಾಂಡ್ಯಕದೇವಿಯ ಮಗ, ಪಾಂಡ್ಯನ ತಮ್ಮ. ಮಾವ, ತಾಯಿ ಮತ್ತು ಅಣ್ಣ ಈ ಮೂವರ ಹೆಸರುಗಳು ಬಂದಿವೆ. ತಂದೆಯ ಹೆಸರಿಗೆ ಅಲ್ಲಿ ಕೆಲಸವಿಲ್ಲ.

ಅಳಿಯಸಂತಾನದ ಕಟ್ಟನ್ನು ಬಲ್ಲ ಓದುಗರಿಗೆ ಇದು ಆಶ್ಚರ್ಯದ ಸಂಗತಿಯಲ್ಲ. ಆಸ್ತಿಯೂ ಅಧಿಕಾರವೂ ಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಸಾಗುವ ವ್ಯವಸ್ಥೆಯಲ್ಲಿ ಒಬ್ಬ ಅರಸನ ಗುರುತು ಹೀಗೆಯೇ ಇರಬೇಕು. ಆದರೆ ಕಾದಂಬರಿಕಾರನಿಗೆ ಈ ಒಂದು ವಾಕ್ಯದಿಂದ ದೊರೆಯುವ ಸಂಗತಿ ದೊಡ್ಡದು. ಇಂತಹ ಮನೆಯಲ್ಲಿ ಹುಡುಗನೊಬ್ಬ ಬೆಳೆಯುವಾಗ ಭಯಭಕ್ತಿಯಿಂದ ನೋಡುವುದು ಮಾವನನ್ನು. ಅರಸನಿಗೆ ತನ್ನ ಹೊಟ್ಟೆಯ ಮಗನ ಮೇಲಿನ ಪ್ರೀತಿಗೂ ಸೋದರಳಿಯನಿಗೆ ಸಲ್ಲಬೇಕಾದ ಪಟ್ಟಕ್ಕೂ ನಡುವೆ ಎಂದಿನಿಂದಲೂ ಒಂದು ಎಳೆದಾಟ ಇದ್ದೇ ಇರುತ್ತದೆ. ಮನೆಯ ಹಿರಿಯ ಹೆಂಗಸಿನ ಮಾತಿಗೆ ಪಟ್ಟದ ವಿಚಾರದಲ್ಲಿ ತೂಕವಿರುತ್ತದೆ. ವೇಣೂರಿನಲ್ಲಿ ‘ಅಕ್ಕಂಗಳ ಬಸದಿ’ ಎಂಬ ಹೆಸರಿನ ಬಸದಿಯೊಂದಿರುವುದೂ, ವಂಶದ ಅರಸರ ಪಟ್ಟಿಯಲ್ಲಿ ಮಧುರಕ್ಕದೇವಿಯ ಹೆಸರು ಬರುವುದೂ ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗುತ್ತವೆ. ತಂದೆಯಿಂದ ಮಗನಿಗೆ ಪಟ್ಟ ಹೋಗುವ ಮಾದರಿಯನ್ನು ಬೇರೆ ನಾಡಿನ ಕಥೆಗಳಿಂದ ತಂದು ಇಲ್ಲಿ ಹೇರಿದ ಲೇಖಕನು ಇಸವಿಗಳನ್ನು ಸರಿಯಾಗಿ ಬರೆದರೂ ಮನೆಯನ್ನು ತಪ್ಪಾಗಿ ಬರೆದಂತಾಗುತ್ತದೆ.

ಹೀಗಿದ್ದರೂ ಶಾಸನಕ್ಕೆ ತನ್ನದೇ ಆದ ಮಿತಿಯಿದೆ. ಅದು ಮಾಡಿಸಿದವನ ಹೆಸರನ್ನು ಹೇಳುತ್ತದೆ. ಮಾಡಿದವನ ಹೆಸರನ್ನು ತಿಳಿಯಬೇಕಾದರೆ ನಾವು ಬೇರೆ ಕಡೆಗೆ ಹೋಗಬೇಕು.

ಪಾಡ್ದನದ ಮನೆತನ

ಮಾಡಿದವನ ಕಥೆಯನ್ನು ಕಲ್ಕುಡ-ಕಲ್ಲುರ್ಟಿ ಪಾಡ್ದನ ಹೇಳುತ್ತದೆ. ಎ. ಸಿ. ಬರ್ನೆಲ್ ಸಂಗ್ರಹಿಸಿದ ತುಳು ಪಾಡ್ದನಗಳು 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದವು. ಆ ಸಂಗ್ರಹದಲ್ಲಿ ಈ ಕಥೆಯೂ ಇದೆ. ಪಾಠಭೇದಗಳು ಹಲವಿದ್ದರೂ ಕಥೆಯ ಎಲುಬು ಒಂದೇ. ಶಂಭು ಕಲ್ಕುಡನೆಂಬ ಶಿಲ್ಪಿ ಬಸುರಿ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಬೆಳ್ಗೊಳದ ಕೆಲಸಕ್ಕೆ ಹೋಗುತ್ತಾನೆ. ಮಗ ಬೀರು ಕಲ್ಕುಡ ತಂದೆಯ ಮುಖವನ್ನೇ ನೋಡದೆ ಬೆಳೆಯುತ್ತಾನೆ. ಓರಗೆಯ ಮಕ್ಕಳ ಮಾತಿನಿಂದ ನೊಂದು ತಂದೆಯನ್ನು ಹುಡುಕಿ ಹೋಗುತ್ತಾನೆ. ಅಲ್ಲಿ ತಂದೆಯ ಕೆಲಸದಲ್ಲಿ ದೋಷವನ್ನು ತೋರಿಸಿದಾಗ ತಂದೆ ಅವಮಾನದಿಂದ ಪ್ರಾಣ ಬಿಡುತ್ತಾನೆ. ಮುಂದೆ ಮಗನು ಕಾರ್ಕಳದ ಗೊಮ್ಮಟನನ್ನು ಕಡೆಯುತ್ತಾನೆ. ಇಂತಹದು ಇನ್ನೊಂದು ಕಡೆ ಆಗಬಾರದೆಂದು ಭೈರರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸುತ್ತಾನೆ. ಕಲ್ಕುಡ ವೇಣೂರಿಗೆ ಬಂದು ಉಳಿದ ಒಂದು ಕೈ, ಒಂದು ಕಾಲಿನಿಂದಲೇ ಅಜಿಲನಿಗೆ ಗೊಮ್ಮಟನನ್ನು ಮಾಡಿಕೊಡುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಈ ಸ್ಥಿತಿಯನ್ನು ಕಂಡು ಕನಲುತ್ತಾಳೆ. ಇಬ್ಬರೂ ದೈವಗಳಾಗಿ ಅನ್ಯಾಯಕ್ಕೆ ಉತ್ತರ ಕೇಳುತ್ತಾರೆ.

ಈ ಕಥೆಯನ್ನು ಕಾಲಗಣನೆಯ ಮುಂದೆ ಇಟ್ಟರೆ ಅದು ನಿಲ್ಲುವುದಿಲ್ಲ. ಶ್ರವಣಬೆಳಗೊಳದ ಮೂರ್ತಿಗೆ ಸಾಮಾನ್ಯವಾಗಿ ಒಪ್ಪಿರುವ ಕಾಲ 981. ಕಾರ್ಕಳದ 42 ಅಡಿಯ ಮೂರ್ತಿಯ ಪ್ರತಿಷ್ಠೆ 1432ರ ಫೆಬ್ರವರಿ 13ರಂದು ಆಯಿತು. ವೇಣೂರಿನದು 1604. ಕಾರ್ಕಳಕ್ಕೂ ವೇಣೂರಿಗೂ ನಡುವೆ 172 ವರ್ಷಗಳಿವೆ. ಬೆಳಗೊಳಕ್ಕೂ ವೇಣೂರಿಗೂ ನಡುವೆ 623 ವರ್ಷಗಳಿವೆ. ಪಾಡ್ದನವು ಇಷ್ಟು ಕಾಲವನ್ನು ಒಬ್ಬ ತಂದೆ ಮತ್ತು ಅವನ ಇಬ್ಬರು ಮಕ್ಕಳ ಬದುಕಿನೊಳಗೆ ಮಡಚಿಟ್ಟಿದೆ. ಇತಿಹಾಸಕಾರನು ಇಲ್ಲಿಗೆ ನಿಂತು, ಇದು ಐತಿಹ್ಯ, ದಾಖಲೆಯಲ್ಲ ಎಂದು ಹೇಳಿದರೆ ಅವನು ತನ್ನ ಕರ್ತವ್ಯವನ್ನೇ ಮಾಡಿದ್ದಾನೆ.

ಆದರೆ ನೆನಪು ತಪ್ಪಿರುವ ಬಗೆಯೂ ಒಂದು ಸಾಕ್ಷ್ಯ ಎಂಬುದನ್ನು ಮರೆಯಬಾರದು. ಭೈರರಸ ಎಂಬುದು ಒಬ್ಬನ ಹೆಸರಲ್ಲ, ಕಾರ್ಕಳದ ಮನೆತನದ ಅರಸರೆಲ್ಲರಿಗೂ ಸಲ್ಲುವ ಬಿರುದು. 1432ರ ವೀರಪಾಂಡ್ಯನೂ ಭೈರರಸನೇ, 1586ರಲ್ಲಿ ಕಾರ್ಕಳದ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನೂ ಭೈರರಸನೇ. ವೇಣೂರಿನ ಮೂರ್ತಿಯನ್ನು ಕಾರ್ಕಳದ ಅರಸನು ಸಹಿಸಲಿಲ್ಲ, ಅದನ್ನು ತನಗೆ ಒಪ್ಪಿಸಬೇಕೆಂದು ಕೇಳಿದ, ತಿಮ್ಮಣ್ಣ ಅಜಿಲನು ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹುದುಗಿಸಿಟ್ಟು ಕಾಪಾಡಿದ ಎಂಬ ಇನ್ನೊಂದು ಐತಿಹ್ಯವೂ ಪ್ರಚಾರದಲ್ಲಿದೆ. ಎರಡು ಅರಸುಮನೆಗಳ ನಡುವೆ 1600ರ ಆಸುಪಾಸಿನಲ್ಲಿ ಇದ್ದಿರಬಹುದಾದ ಪೈಪೋಟಿಯ ನೆನಪು, ಒಂದೇ ಬಿರುದಿನ ಎಳೆ ಹಿಡಿದು 1432ರ ಮೂರ್ತಿಯ ತನಕ ಹಿಂದಕ್ಕೆ ಹರಿದಿರಬಹುದು. ಇದು ಊಹೆಯೇ ಹೌದು. ಆದರೂ ಮನೆತನದ ನೆನಪು ಕೆಲಸ ಮಾಡುವ ಕ್ರಮಕ್ಕೆ ಹೊಂದುವ ಊಹೆ. ನೆನಪು ಇಸವಿಗಳನ್ನು ಬಿಡುತ್ತದೆ, ಸಂಬಂಧಗಳನ್ನು ಹಿಡಿಯುತ್ತದೆ. ಯಾವಾಗ ಎಂಬ ಪ್ರಶ್ನೆಗೆ ಅದು ತಪ್ಪು ಉತ್ತರ ಕೊಡುತ್ತದೆ. ಯಾರಿಂದ ಯಾರಿಗೆ ನೋವಾಯಿತು ಎಂಬ ಪ್ರಶ್ನೆಯನ್ನು ಮಾತ್ರ ಅದು ಎಂದೂ ಕೈಬಿಡುವುದಿಲ್ಲ.

ಶಾಸನವನ್ನು ಅರಸುಮನೆ ಕೆತ್ತಿಸಿತು, ಪಾಡ್ದನವನ್ನು ದುಡಿಯುವ ಜನ ಹಾಡಿದರು. ಎರಡೂ ಮನೆತನದ ನೆನಪುಗಳೇ. ಮೊದಲನೆಯದರಲ್ಲಿ ಮಾವ, ತಾಯಿ, ಅಣ್ಣ ಇದ್ದಾರೆ. ಎರಡನೆಯದರಲ್ಲಿ ತಂದೆ, ಮಗ, ತಂಗಿ ಇದ್ದಾರೆ. ಕಾದಂಬರಿಕಾರನು ತಿಥಿಯನ್ನು ಶಾಸನದಿಂದಲೂ ಗಾಯವನ್ನು ಪಾಡ್ದನದಿಂದಲೂ ತೆಗೆದುಕೊಳ್ಳಬಹುದು. ಆದರೆ ಗಾಯಕ್ಕೆ ಶಾಸನದ ತಿಥಿಯನ್ನು ಅಂಟಿಸಿ, ಇದೇ ನಡೆದ ಸಂಗತಿಯೆಂದು ಓದುಗರನ್ನು ನಂಬಿಸುವ ಅಧಿಕಾರ ಅವನಿಗಿಲ್ಲ.

ದಿನನಿತ್ಯದ ಬದುಕೆಂಬ ಸಾಕ್ಷ್ಯ

ಶಾಸನಕ್ಕೂ ಪಾಡ್ದನಕ್ಕೂ ನಡುವಿನ ಅಂತರವನ್ನು ತುಂಬುವುದು ದಿನನಿತ್ಯದ ಬದುಕಿನ ತಿಳಿವಳಿಕೆ. ಈ ವಿಷಯದಲ್ಲಿ ವಿದೇಶೀ ಪ್ರವಾಸಿಗಳ ಬರವಣಿಗೆ ಉಪಯುಕ್ತ. ವೇಣೂರಿನ ಪ್ರತಿಷ್ಠೆಯಾದ 19 ವರ್ಷಗಳ ಬಳಿಕ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡನು. ಅವನು ಆಕೆಯನ್ನು ಕಂಡದ್ದು ಸಿಂಹಾಸನದ ಮೇಲಲ್ಲ. ತೋಡಿನ ಕೆಲಸವನ್ನು ನೋಡಲು ಹೊರಟಿದ್ದ ರಾಣಿ ಬರಿಗಾಲಿನಲ್ಲಿ, ದಪ್ಪ ಹತ್ತಿಯ ಬಟ್ಟೆ ಉಟ್ಟು, ಕೆಲವೇ ಜನರೊಡನೆ ದಾರಿಯಲ್ಲಿ ನಡೆದು ಬರುತ್ತಿದ್ದಳು. ಈ ಒಂದು ನೋಟದಿಂದ ತುಳುನಾಡಿನ ಅಂದಿನ ಅರಸೊತ್ತಿಗೆಯ ಅಳತೆ ನಮಗೆ ಸಿಗುತ್ತದೆ. ಇಲ್ಲಿ ರಾಜ್ಯವೆಂದರೆ ನೀರಿನ ತೋಡು, ಗದ್ದೆಯ ಬೆಳೆ, ಕರಿಮೆಣಸಿನ ವ್ಯಾಪಾರ. ವೇಣೂರಿನ ಅರಸನನ್ನು ಚಿತ್ರಿಸಹೊರಟವನು ವಿಜಯನಗರದ ವೈಭವವನ್ನು ಇಲ್ಲಿಗೆ ಹೊತ್ತು ತರಬಾರದೆಂಬ ಎಚ್ಚರಿಕೆಯೂ ಈ ನೋಟದಲ್ಲಿದೆ.

ಟಿಪ್ಪುವಿನ ಪತನದ ಬಳಿಕ, 1801ರಲ್ಲಿ, ಕಂಪೆನಿ ಸರಕಾರದ ಪರವಾಗಿ ಫ್ರಾನ್ಸಿಸ್ ಬುಕಾನನ್ ಬಂಟವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಮಾರ್ಗವಾಗಿ ಸಾಗಿದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಬಸದಿಗಳ ಜೊತೆಗೆ ಮಣ್ಣು, ಬೆಳೆ, ಗೇಣಿ, ಕೂಲಿ, ಜಾತಿಪದ್ಧತಿಗಳ ವಿವರಗಳೂ ಇವೆ. ಆದರೆ ಅವನ ಪ್ರಶ್ನೆಗಳು ತೆರಿಗೆ ಹಾಕಹೊರಟವನ ಪ್ರಶ್ನೆಗಳು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವನನ್ನು ಓದಬೇಕು.

ಪ್ರವಾಸಿಗೆ ಕಾಣದ ಬದುಕು ಮನೆಯ ಮಾತಿನಲ್ಲಿ ಉಳಿದಿದೆ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಲೆಕ್ಕದಲ್ಲಿ ವರ್ಷವನ್ನು ಎಣಿಸುವುದು, 42 ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟುವುದು, ಪತ್ತನಾಜೆಯ ದಿನ ಕೋಲ ಮತ್ತು ಆಟಗಳು ನಿಂತು ಮಳೆಗಾಲದ ಕೆಲಸಕ್ಕೆ ಅಣಿಯಾಗುವುದು, ಆಟಿ ತಿಂಗಳಿನ ಹಸಿವು ಇವೆಲ್ಲ ಯಾವ ಶಾಸನದಲ್ಲಿಯೂ ಇಲ್ಲ. ‘ಆ ವರ್ಷ ಕೊಳಕೆ ಗದ್ದೆಗೆ ನೀರು ಬರಲಿಲ್ಲ’ ಎಂದು ಅಜ್ಜಿಯೊಬ್ಬಳು ಹೇಳಿದರೆ ಅದು ಅವಳ ಕಾಲಗಣನೆ. ಅದನ್ನು ಇಸವಿಗೆ ಪರಿವರ್ತಿಸುವುದು ಸಂಶೋಧಕನ ಕೆಲಸ. ಅದನ್ನು ಹಾಗೆಯೇ ಪಾತ್ರದ ಬಾಯಲ್ಲಿ ಉಳಿಸಿಕೊಳ್ಳುವುದು ಕಾದಂಬರಿಕಾರನ ಕೆಲಸ.

ನೇಜಿ ನೆಡುವ ಹೆಂಗಸರು ಹಾಡುವ ಪಾಡ್ದನಗಳಲ್ಲಿ ಈ ದಿನನಿತ್ಯದ ವಸ್ತುಗಳೇ ಕಥೆಯನ್ನು ಮುಂದಕ್ಕೆ ಒಯ್ಯುತ್ತವೆ. ಇದಕ್ಕೆ ಅತ್ಯುತ್ತಮ ನಿದರ್ಶನ ಸಿರಿಯ ಕಥೆ. ಬೆಳ್ತಂಗಡಿ ತಾಲೂಕಿನ ಉಜಿರೆಯ ಸಮೀಪದ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರೊಂದಿಗೆ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದರಲ್ಲಿ 15,683 ಸಾಲುಗಳಿವೆ. ಇಷ್ಟು ದೊಡ್ಡ ಕಾವ್ಯದ ಬಿಕ್ಕಟ್ಟು ಹುಟ್ಟುವುದು ಯುದ್ಧದಿಂದಲ್ಲ. ಬಯಕೆಯ ದಿನ ಗಂಡ ತಂದ ಸೀರೆಯನ್ನು ಇನ್ನೊಬ್ಬಳು ಮೊದಲೇ ಉಟ್ಟಿದ್ದಳೆಂದು ತಿಳಿದು ಸಿರಿ ಅದನ್ನು ನಿರಾಕರಿಸುವುದರಿಂದ ಅದು ಹುಟ್ಟುತ್ತದೆ. ಅಲ್ಲಿಂದ ಅಜ್ಜನ ಆಸ್ತಿಯ ಹಕ್ಕು, ಮದುವೆಯ ಬಿಡುಗಡೆ, ಮಗುವಿನ ಭವಿಷ್ಯ ಎಲ್ಲವೂ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತವೆ. ಒಂದು ಸೀರೆಯಿಂದ ಒಂದು ಸಮಾಜದ ಕಾನೂನನ್ನು ತೆರೆದು ತೋರಿಸುವ ಈ ಕ್ರಮ ಚಾರಿತ್ರಿಕ ಕಾದಂಬರಿಕಾರನಿಗೆ ಮೇಲ್ಪಂಕ್ತಿಯಾಗಬಲ್ಲದು.

1837ರ ನೆನಪು ಮತ್ತು ನಿರಂಜನ

ಈ ಜಿಲ್ಲೆಯ ನೆಲದಿಂದಲೇ ಬಂದು ಚರಿತ್ರೆಯನ್ನು ಕಾದಂಬರಿಗೆ ತಂದವರಲ್ಲಿ ನಿರಂಜನರು ಮುಖ್ಯರು. ಅವರ ನಿಜನಾಮ ಕುಳ್ಕುಂದ ಶಿವರಾವ್. 1924ರಲ್ಲಿ ಸುಬ್ರಹ್ಮಣ್ಯದ ಸಮೀಪದ ಕುಳ್ಕುಂದದಲ್ಲಿ ಜನಿಸಿದ ಅವರು ಸುಳ್ಯ ಹಾಗೂ ನೀಲೇಶ್ವರಗಳಲ್ಲಿ ಓದಿದರು, 1991ರಲ್ಲಿ ನಿಧನರಾದರು. ‘ಕಲ್ಯಾಣಸ್ವಾಮಿ’, ‘ಸ್ವಾಮಿ ಅಪರಂಪಾರ’ ಕಾದಂಬರಿಗಳಲ್ಲಿ ಅವರು ಕೊಡಗು ಮತ್ತು ಸುಳ್ಯ ಸೀಮೆಯ ಕಂಪೆನಿವಿರೋಧಿ ಹೋರಾಟವನ್ನು ಎತ್ತಿಕೊಂಡರು.

ಹೋರಾಟದ ಹಿನ್ನೆಲೆಯೇ ದಿನನಿತ್ಯದ ಬದುಕಿಗೆ ಸಂಬಂಧಿಸಿದ್ದು. 1834ರಲ್ಲಿ ಕೊಡಗು ಕಂಪೆನಿಯ ವಶವಾದ ಮೇಲೆ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಗೆ ಸೇರಿದವು. ಕೊಡಗಿನ ಅರಸರಿಗೆ ಧಾನ್ಯರೂಪದಲ್ಲಿ ತೆರಿಗೆ ಸಲ್ಲಿಸುತ್ತಿದ್ದ ರೈತರು ಇನ್ನು ಮುಂದೆ ನಗದು ಹಣವನ್ನೇ ಕಟ್ಟಬೇಕಾಯಿತು. ಅಕ್ಕಿ ಮನೆಯಲ್ಲಿತ್ತು, ನಾಣ್ಯ ಸಾಹುಕಾರನ ಕೈಯಲ್ಲಿತ್ತು. ಈ ಸಂಕಟದಿಂದ ಸಿಡಿದ ಜನ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ 1837ರ ಮಾರ್ಚ್ ಕೊನೆಯಲ್ಲಿ ದಂಡೆದ್ದರು. ಬೆಳ್ಳಾರೆಯ ಖಜಾನೆಯನ್ನು ಹಿಡಿದು ಬಂಟವಾಳದ ದಾರಿಯಾಗಿ ಮಂಗಳೂರನ್ನು ಸೇರಿ ಏಪ್ರಿಲ್ ಆರಂಭದಲ್ಲಿ ಬಾವುಟಗುಡ್ಡೆಯ ಮೇಲೆ ತಮ್ಮ ನಿಶಾನೆ ಏರಿಸಿದರು. ಸುಮಾರು ಎರಡು ವಾರಗಳ ಬಳಿಕ ಕಂಪೆನಿಯ ಸೈನ್ಯ ಅವರನ್ನು ಮುರಿಯಿತು. ಕಲ್ಯಾಣಸ್ವಾಮಿಯೆಂಬ ಹೆಸರನ್ನು ಹೊತ್ತಿದ್ದ ಪುಟ್ಟಬಸಪ್ಪನನ್ನೂ ನಂದಾವರದ ಬಂಗರಸನನ್ನೂ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು.

ಈ ಘಟನೆಯನ್ನು ಜನ ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಕರೆದರು. ಕಾಟಕಾಯಿ ಎಂದರೆ ಲೂಟಿ, ದಾಂಧಲೆ. ಇಲ್ಲಿ ಮನೆತನದ ನೆನಪಿನ ಇನ್ನೊಂದು ಮುಖ ಕಾಣುತ್ತದೆ. ಸೋತ ಹೋರಾಟದ ಮನೆಗಳವರು ಭಯದಿಂದ ಬಾಯಿ ಮುಚ್ಚಿಕೊಂಡರು. ಆಳುವವರ ಮಾತೇ ಊರಿನ ಮಾತಾಯಿತು. ದಂಡು ಹಾದುಹೋದ ದಾರಿಯ ಮನೆಗಳಿಗೆ ನಿಜವಾಗಿಯೂ ಹಾನಿಯಾಗಿರುವ ಸಾಧ್ಯತೆಯೂ ಇದೆ. ಅಂದರೆ ಒಂದೇ ಘಟನೆಗೆ ಮೂರು ಬಗೆಯ ಮನೆಗಳಲ್ಲಿ ಮೂರು ಬಗೆಯ ನೆನಪುಗಳಿರಬಹುದು: ದಂಡಿನೊಡನೆ ಹೋದವರ ಮನೆ, ದಂಡಿಗೆ ಅಕ್ಕಿ ಕೊಟ್ಟವರ ಮನೆ, ದಂಡಿನಿಂದ ದೋಚಿಸಿಕೊಂಡವರ ಮನೆ. ನಿರಂಜನರ ಕಾದಂಬರಿಯ ಹೆಚ್ಚಳವೆಂದರೆ ಲೂಟಿಯೆಂಬ ಹೆಸರಿನಡಿಯಲ್ಲಿ ಹುದುಗಿಹೋಗಿದ್ದ ಘಟನೆಯನ್ನು ರೈತರ ಬಂಡಾಯವಾಗಿ ಓದುಗರ ಮುಂದೆ ಮತ್ತೆ ನಿಲ್ಲಿಸಿದ್ದು. ಸಾರ್ವಜನಿಕ ಮನ್ನಣೆ ಬಹಳ ತಡವಾಗಿ ಬಂದಿತು. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡದ್ದು 2022ರಲ್ಲಿ.

ಕೊಡಗಿನ ಇದೇ ಕಾಲವನ್ನು ಮಾಸ್ತಿಯವರು ‘ಚಿಕವೀರ ರಾಜೇಂದ್ರ’ದಲ್ಲಿ (1956) ಅರಮನೆಯ ಕಡೆಯಿಂದ ನೋಡಿದರು. ಅರಸನ ಕುಟುಂಬದೊಳಗಿನ ಬಿರುಕು ರಾಜ್ಯದ ಬಿರುಕಾಗುವ ಕ್ರಮ ಅಲ್ಲಿಯ ವಸ್ತು. ನಿರಂಜನರು ಅರಸನು ಹೋದ ಮೇಲೆ ಉಳಿದ ಜನರನ್ನು ನೋಡಿದರು. ಎರಡನ್ನೂ ಒಟ್ಟಿಗೆ ಓದಿದಾಗ ಮನೆತನದ ಕಥೆ ಎಂಬುದಕ್ಕೆ ಒಂದೇ ಅರ್ಥವಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ನಿರಂಜನರ ‘ಚಿರಸ್ಮರಣೆ’ (1955) ಇನ್ನೂ ಒಂದು ಹೆಜ್ಜೆ ಹತ್ತಿರದ್ದು. 1941ರ ಕಯ್ಯೂರು ರೈತ ಹೋರಾಟದ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಕಾದಂಬರಿ ಹೊರಬಂದದ್ದು ಅದಾದ ಹನ್ನೆರಡು ವರ್ಷಗಳಿಗೆ. ನೀಲೇಶ್ವರದಲ್ಲಿ ಓದಿದ್ದ ಲೇಖಕರಿಗೆ ಆ ಪರಿಸರ ಪರಿಚಿತ. ನೆನಪಿಟ್ಟುಕೊಂಡವರು ಬದುಕಿದ್ದಾಗಲೇ ಬರೆಯುವುದು ಒಂದು ಬಗೆಯ ಹೊಣೆ. 1604ನ್ನೋ 1837ನ್ನೋ ಬರೆಯುವುದು ಇನ್ನೊಂದು ಬಗೆಯ ಹೊಣೆ. ಮೊದಲನೆಯದರಲ್ಲಿ ತಪ್ಪಿದರೆ ತಿದ್ದುವವರಿರುತ್ತಾರೆ. ಎರಡನೆಯದರಲ್ಲಿ ತಪ್ಪೇ ಮುಂದೆ ಊರಿನ ನೆನಪಾಗಿಬಿಡುವ ಅಪಾಯವಿದೆ.

ಸೆರೆಯ ನೆನಪು: ಕೊಂಕಣಿಯ ನಿದರ್ಶನ

ಬೆಳ್ತಂಗಡಿಯ ಹೆಸರನ್ನೇ ಶೀರ್ಷಿಕೆಯಲ್ಲಿ ಹೊತ್ತ ಚಾರಿತ್ರಿಕ ಕಾದಂಬರಿ ಕೊಂಕಣಿಯಲ್ಲಿದೆ. ವಿ. ಜೆ. ಪಿ. ಸಲ್ದಾನ್ಹ (1925–2000) ಅವರ ‘ಬೆಳ್ತಂಗಡಿಚೊ ಬಾಲ್ತಜಾರ್’ ಕೆನರಾದ ಕ್ರೈಸ್ತರು 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಕಾಲವನ್ನು ಕುರಿತ ಅವರ ಕಾದಂಬರಿಗಳಲ್ಲೊಂದು. 1799ರಲ್ಲಿ ಉಳಿದವರು ಊರಿಗೆ ಮರಳಿದ ಮೇಲೆ ಈ ಅನುಭವ ಮನೆಮನೆಯ ನೆನಪಾಗಿ ಮುಂದಿನ ತಲೆಮಾರುಗಳಿಗೆ ಸಾಗಿತು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಆ ಕಾಲಕ್ಕೆ ಸಮೀಪದ ಬರವಣಿಗೆಗಳೇ ಒಂದನ್ನೊಂದು ಒಪ್ಪುವುದಿಲ್ಲ. ಜೇಮ್ಸ್ ಸ್ಕರಿ 30,000 ಎನ್ನುತ್ತಾನೆ, ಥಾಮಸ್ ಮನ್ರೋ 60,000 ಎನ್ನುತ್ತಾನೆ, ವೇಣೂರಿನ ದಾರಿಯಲ್ಲಿ ಸಾಗಿದ ಅದೇ ಬುಕಾನನ್ 70,000 ಎನ್ನುತ್ತಾನೆ. ಇಲ್ಲಿ ಲಿಖಿತ ದಾಖಲೆ ಖಚಿತ, ಮನೆಯ ನೆನಪು ಅಸ್ಪಷ್ಟ ಎಂಬ ಸಾಮಾನ್ಯ ನಂಬಿಕೆ ತಲೆಕೆಳಗಾಗುತ್ತದೆ. ಅಂಕಿಗಳು ಕದಲುತ್ತವೆ; ತನ್ನ ಮನೆಯಿಂದ ಯಾರು ಹೋದರು, ಯಾರು ಹಿಂದಿರುಗಿದರು ಎಂಬ ಲೆಕ್ಕ ಒಂದು ಕುಟುಂಬಕ್ಕೆ ಅದಕ್ಕಿಂತ ಹೆಚ್ಚು ಸ್ಪಷ್ಟವಾಗಿರಬಹುದು. ಇಂತಹ ನೋವಿನ ನೆನಪನ್ನು ಬರೆಯುವಾಗ ಅದನ್ನು ಇಂದಿನ ಜಗಳಕ್ಕೆ ಕಟ್ಟಿಗೆಯಾಗಿ ಒದಗಿಸದಿರುವ ಸಂಯಮವೂ ಲೇಖಕನಿಗೆ ಬೇಕು. ಸೆರೆಯವರ ದುಃಖವನ್ನು ಮರೆಮಾಚುವುದು ಎಷ್ಟು ತಪ್ಪೋ, ಅದನ್ನು ನೆರೆಮನೆಯವರ ಇಂದಿನ ಮಕ್ಕಳ ಮೇಲೆ ಹೊರಿಸುವುದೂ ಅಷ್ಟೇ ತಪ್ಪು.

ದುರ್ಗದ ಹೋಲಿಕೆ

ಘಟ್ಟದ ಮೇಲಿನ ಒಂದು ಹೋಲಿಕೆಯನ್ನು ಇಲ್ಲಿ ನೋಡಬಹುದು. ತ. ರಾ. ಸುಬ್ಬರಾಯರು (1920–1984) ತಳುಕಿನ ಮನೆತನದವರು. ಕನ್ನಡದ ಹೆಸರಾಂತ ಪ್ರಾಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು ಅವರ ದೊಡ್ಡಪ್ಪ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ‘ದುರ್ಗಾಸ್ತಮಾನ’ದ (1982) ತನಕ ಚಿತ್ರದುರ್ಗದ ನಾಯಕರ ಕಥೆ ಅವರನ್ನು ಬಿಡಲಿಲ್ಲ. ‘ದುರ್ಗಾಸ್ತಮಾನ’ಕ್ಕೆ ಅವರ ನಿಧನಾನಂತರ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ತಮ್ಮ ಬದುಕು ಮತ್ತು ಬರವಣಿಗೆಯನ್ನು ಅವರು ‘ಹಿಂತಿರುಗಿ ನೋಡಿದಾಗ’ ಎಂಬ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ.

ದುರ್ಗದ ಐತಿಹ್ಯಗಳಲ್ಲಿ ಜನಮನದಲ್ಲಿ ಆಳವಾಗಿ ಉಳಿದದ್ದು ಓಬವ್ವನ ಕಥೆ. ಅದನ್ನು ಬಿಡಿಸಿ ನೋಡಿದರೆ ಅಲ್ಲಿರುವುದು ಕಾವಲುಗಾರನ ಊಟದ ಹೊತ್ತು, ನೀರು ತರಲು ಹೋದ ಹೆಂಡತಿ, ಕೈಗೆ ಸಿಕ್ಕ ಒನಕೆ. ಮನೆಗೆಲಸದ ಮೂರು ಸಂಗತಿಗಳು ಕೋಟೆಯ ಚರಿತ್ರೆಯೊಳಗೆ ಹೀಗೆ ಸ್ಥಳ ಪಡೆದವು. ವೇಣೂರಿನ ಕಲ್ಕುಡನ ಉಳಿಯೂ ದುರ್ಗದ ಓಬವ್ವನ ಒನಕೆಯೂ ಒಂದೇ ಜಾತಿಯ ನೆನಪುಗಳು. ಬಿರುದಾವಳಿಯಿಲ್ಲದವರನ್ನು ಜನ ಅವರ ಕೈಯ ಸಾಧನದಿಂದ ನೆನಪಿಟ್ಟುಕೊಳ್ಳುತ್ತಾರೆ.

ನೆನಪಿನ ಮನೆಗಳು ಪಾಲಾದಾಗ

ಇಷ್ಟೆಲ್ಲ ನೆನಪನ್ನು ಹೊತ್ತು ನಿಂತಿದ್ದ ಗುತ್ತು, ಬೀಡು, ಅರಮನೆಗಳು ಕಳೆದ ಶತಮಾನದ ಎರಡನೆಯ ಭಾಗದಲ್ಲಿ ವೇಗವಾಗಿ ಬದಲಾದವು. 1949ರ ಮದರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಇವುಗಳಿಂದ ಕೂಡುಕುಟುಂಬಗಳು ಪಾಲಾದವು, ಗೇಣಿಯ ಸಂಬಂಧ ಮುಗಿಯಿತು. ಉಳುವವನಿಗೆ ಭೂಮಿ ಬಂದದ್ದು ನ್ಯಾಯವಾದ ಬದಲಾವಣೆ. ಅದನ್ನು ಕಳೆದುಹೋದ ವೈಭವವೆಂದು ಹಲುಬಬೇಕಾಗಿಲ್ಲ. ಆದರೆ ಪಾಲಿನ ದಿನ ಗದ್ದೆ, ತೋಟ, ಪಾತ್ರೆ, ಬಂಗಾರಗಳಿಗೆ ಲೆಕ್ಕವಿತ್ತು. ಅಟ್ಟದ ಮೇಲಿನ ಓಲೆಗರಿಯ ಕಟ್ಟು, ಕಡತ, ಗೇಣಿಚೀಟುಗಳಿಗೆ ಲೆಕ್ಕವಿರಲಿಲ್ಲ. ಅವು ಯಾರ ಪಾಲಿಗೂ ಸೇರದೆ ಗೆದ್ದಲಿನ ಪಾಲಾದವು. ಅದೇ ಕಾಲದಲ್ಲಿ ಸಾಲುನಾಟಿಯ ಹೆಂಗಸರೂ ಕಡಿಮೆಯಾಗಿ, ಗದ್ದೆ ಅಡಕೆತೋಟವೋ ರಬ್ಬರು ತೋಟವೋ ಆದಲ್ಲಿ ಪಾಡ್ದನಕ್ಕೆ ಬಾಯಿಯೂ ಇಲ್ಲದಾಯಿತು. ಮೇಲಿನ ಮನೆಯ ಲಿಖಿತ ದಾಖಲೆ, ಕೆಳಗಿನ ಗದ್ದೆಯ ಹಾಡು ಎರಡೂ ಒಂದೇ ತಲೆಮಾರಿನಲ್ಲಿ ಕ್ಷೀಣಿಸಿದವು.

ಈ ಪರಿಸ್ಥಿತಿಯಲ್ಲಿ ಗಣಪತಿರಾವ್ ಐಗಳ್, ಪಿ. ಗುರುರಾಜ ಭಟ್ಟರಂತಹ ಹಿರಿಯರು ಊರೂರು ಸುತ್ತಿ ಸಂಗ್ರಹಿಸಿದ ಸಾಮಗ್ರಿಯ ಬೆಲೆ ಹೆಚ್ಚುತ್ತದೆ. ಅವರು ಅರಸುಮನೆತನಗಳ ಕೈಫಿಯತ್ತು, ಶಾಸನ, ಐತಿಹ್ಯಗಳನ್ನು ಒಟ್ಟುಗೂಡಿಸಿದರು. ಇಂದಿನ ಸಂಶೋಧಕರು ಅದಕ್ಕೆ ಒಂದನ್ನು ಸೇರಿಸಬಹುದು. ಪ್ರತಿಯೊಂದು ನೆನಪಿನ ಜೊತೆಗೆ ಅದನ್ನು ಹೇಳಿದವರು ಆ ಮನೆಯಲ್ಲಿ ಯಾರು, ಮಗಳೋ, ಸೊಸೆಯೋ, ಅಳಿಯನೋ, ಒಕ್ಕಲೋ, ಆಳೋ ಎಂಬುದನ್ನೂ, ಯಾವ ಸಂದರ್ಭದಲ್ಲಿ ಅದನ್ನು ಹೇಳುವ ವಾಡಿಕೆಯಿತ್ತು ಎಂಬುದನ್ನೂ ಬರೆದಿಡಬೇಕು. ಚಾವಡಿಯಲ್ಲಿ ಹೇಳಿದ್ದಕ್ಕೂ ಅಡುಗೆಮನೆಯಲ್ಲಿ ಹೇಳಿದ್ದಕ್ಕೂ ಅಂಗಳದ ಹೊರಗೆ ನಿಂತು ಹೇಳಿದ್ದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವೇ ಅರ್ಧ ಚರಿತ್ರೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳನ್ನು ಸಂಗ್ರಹವಾಗಿ ಹೇಳಬಹುದು. ಮೊದಲನೆಯದಾಗಿ, ಮನೆತನದ ನೆನಪನ್ನು ಕಾಲಗಣನೆಗೆ ಆಧಾರವಾಗಿ ಬಳಸಬಾರದು. ಸಂಬಂಧ, ಅಧಿಕಾರ ಮತ್ತು ಅನ್ಯಾಯಗಳ ತಿಳಿವಳಿಕೆಗೆ ಬಳಸಬಹುದು. ಎರಡನೆಯದಾಗಿ, ಶಾಸನವೂ ವರದಿಯೂ ಯಾವುದೋ ಒಂದು ಮನೆಯ, ಯಾವುದೋ ಒಂದು ಕಚೇರಿಯ ನೆನಪೇ ಆಗಿರುವುದರಿಂದ ಅವುಗಳ ಮೌನವನ್ನೂ ಓದಬೇಕು. ಮೂರನೆಯದಾಗಿ, ಇವೆರಡೂ ಒಂದನ್ನೊಂದು ಅಲ್ಲಗಳೆದಾಗ ಕಾದಂಬರಿಕಾರನು ದಿನನಿತ್ಯದ ಬದುಕಿನ ನೆಲದ ಮೇಲೆ ನಿಲ್ಲಬೇಕು. ಆ ದಿನ ಆ ಮನೆಯಲ್ಲಿ ಅಕ್ಕಿ ಇತ್ತೇ, ತೆರಿಗೆಯನ್ನು ಹೇಗೆ ಕಟ್ಟಿದರು, ಕೆಲಸಕ್ಕೆ ಹೋದವನು ಎಷ್ಟು ದಿನಕ್ಕೆ ಮರಳಿದ, ಮನೆಯಲ್ಲಿ ಕಾದವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಸುಳ್ಳು ಹೇಳುವ ಸಾಧ್ಯತೆ ಬಹಳಷ್ಟು ಕಡಿಮೆಯಾಗುತ್ತದೆ.

ವೇಣೂರಿನಲ್ಲಿ ಬಾಹುಬಲಿಯ ಎದುರು ನಿಂತವರಿಗೆ ಶಾಸನ ತಿಮ್ಮರಾಜನ ತಾಯಿಯ ಹೆಸರನ್ನು ಹೇಳುತ್ತದೆ. ಅದೇ ಸೀಮೆಯ ಹಾಡು ಕಲ್ಕುಡನ ತಂಗಿಯ ಹೆಸರನ್ನು ಹೇಳುತ್ತದೆ. ಈ ಇಬ್ಬರು ಹೆಂಗಸರೂ ಒಂದೇ ಪುಟದಲ್ಲಿ ಕಾಣಿಸಿಕೊಳ್ಳುವ ಚಾರಿತ್ರಿಕ ಕಾದಂಬರಿಗೆ ಬೇಕಾದ ಸಾಮಗ್ರಿ ಈ ನೆಲದಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಹಿರಿಯರ ಮಾತು ಕೇಳಿಸುತ್ತಿರುವಾಗಲೇ ಅದನ್ನು ಬರೆದಿಟ್ಟುಕೊಳ್ಳುವುದು ಸಂಶೋಧಕರ, ಗ್ರಂಥಾಲಯಗಳ ಹಾಗೂ ಬರಹಗಾರರ ಒಟ್ಟು ಹೊಣೆ.